ಮನೆಯಲ್ಲಿ ಬರುವ ಕಡೇ ಗಳಿಗೆಯೂ ದೇಶದ ಕಾನೂನೂ

ಜಕ್ಕೂರಿನಲ್ಲಿ ನಮ್ಮ ಸಭೆಗೆ ಸೇರಿದ ಹಿರಿಯರೊಬ್ಬರು ಶ್ವಾಸಕೋಶದ ಕ್ಯಾನ್ಸರಿನಿಂದ ಬಹುದಿನ ಹಾಸಿಗೆ ಹಿಡಿದಿದ್ದರು. ರೋಗವು ಇನ್ನು ವಾಸಿಯಾಗದೆಂದು ವೈದ್ಯರು ತಿಳಿಸಿ ಅವರನ್ನು ಮನೆಗೆ ಕಳುಹಿಸಿದ್ದರು. ತಮ್ಮ ಪ್ರಾಣವು ಮಕ್ಕಳ ನಡುವೆ ಈ ಮನೆಯಲ್ಲಿಯೇ ಹೋಗಬೇಕೆಂದು ಅವರು ನಮ್ಮ ಮುಂದೆ ಎರಡು ಸಾರಿ ಹೇಳಿದ್ದುಂಟು. ಆದರೂ ಒಂದು ರಾತ್ರಿ ಉಸಿರು ನಿಂತಂತಾದಾಗ ಕಿರಿಯ ಮಗನು ಗಾಬರಿಪಟ್ಟು 108ಕ್ಕೆ ಫೋನು ಮಾಡಿದನು. ಬಂದವರು ತಮ್ಮ ಕರ್ತವ್ಯದಂತೆ ಎದೆಯನ್ನು ಅದುಮಿ ಉಸಿರು ತಂದರು. ಆಸ್ಪತ್ರೆಯಲ್ಲಿ ಅವರು ಬಾಯೊಳಗೆ ಕೊಳವೆಯಿಟ್ಟುಕೊಂಡು, ಒಬ್ಬರ ಗುರುತೂ ಇಲ್ಲದೆ, ನಾಲ್ಕು ದಿನವಿದ್ದು ತೀರಿಹೋದರು. ಸಮಾಧಿಯಾದ ಮೇಲೆ ಆ ಮಗನು ನಮ್ಮ ಬಳಿಗೆ ಬಂದು, "ಅಯ್ಯನವರೇ, ನಾನು ಕರೆಯದೆ ಇದ್ದಿದ್ದರೆ ಅಪ್ಪನನ್ನು ಕೊಂದ ಹಾಗಾಗುತ್ತಿತ್ತೋ? ಪೊಲೀಸರು ಬರುತ್ತಿದ್ದರೋ?" ಎಂದು ಕೇಳಿದನು. ನಾವು ಆಗ ಕೊಟ್ಟ ಉತ್ತರವು ಅರೆಬರೆಯಾಗಿತ್ತು. ಆದಕಾರಣ ವಿಚಾರಿಸಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಆ ಕ್ರಿಯೆ ಏನೆಂಬುದನ್ನು ತಿಳಿಯಬೇಕು. ನಿಂತ ಹೃದಯವನ್ನು ತಿರುಗಿ ನಡಿಸುವುದಕ್ಕಾಗಿ ಎದೆಯ ನಡುವೆ ಸುಮಾರು 2 ಅಂಗುಲ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಾರಿ ಬಲವಾಗಿ ಅದುಮುತ್ತಾರೆ. ವಿದ್ಯುತ್ತು ತಗಲಿದವನಿಗೂ, ಕೆರೆಯಲ್ಲಿ ಮುಳುಗಿದವನಿಗೂ, ಹೊಲದಲ್ಲಿ ದುಡಿಯುತ್ತಾ ತಟ್ಟನೆ ಬಿದ್ದವನಿಗೂ ಇದು ಜೀವದಾನವೇ ಸರಿ. ಅಂಥವರ ವಿಷಯದಲ್ಲಿ ಒಂದು ಕ್ಷಣವೂ ತಡಮಾಡಬಾರದು. ಆದರೆ ವಾಸಿಯಾಗದ ರೋಗದಿಂದ ಸವೆದುಹೋದ ಮುದಿದೇಹದಲ್ಲಿ ಇದರಿಂದ ಪಕ್ಕೆಲುಬು ಮುರಿಯುವುದು ಅಪರೂಪವಲ್ಲ. ಹೃದಯವು ತಿರುಗಿ ನಡೆದರೂ ಮೂಲರೋಗವು ಇದ್ದಲ್ಲಿಯೇ ಇರುತ್ತದೆ. ಹೀಗಿರಲಾಗಿ ಕೆಲವರು ಇದು ತಮಗೆ ಬೇಡವೆನ್ನುತ್ತಾರೆ.

ಬೇಡವೆನ್ನುವ ಹಕ್ಕು ಈ ದೇಶದಲ್ಲಿ ಸ್ಪಷ್ಟವಾದದ್ದು ನಮ್ಮ ಕನ್ನಡನಾಡಿನ ಒಬ್ಬ ಮಗಳ ದುಃಖದಿಂದಲೇ ಆರಂಭವಾಯಿತೆಂದು ಹೇಳಬಹುದು. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ದುಷ್ಟನೊಬ್ಬನ ಕ್ರೂರಕೃತ್ಯದಿಂದ ಅವರ ಮಿದುಳು ಕೆಟ್ಟು, 40 ವರ್ಷಕ್ಕೂ ಮೇಲೆ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರಿಗೆ ಉಣಿಸುವುದನ್ನು ನಿಲ್ಲಿಸಬೇಕೆಂದು ಅರ್ಜಿ ಬಂದಾಗ, ಅವರನ್ನು ಮಗುವಿನಂತೆ ನೋಡಿಕೊಂಡ ಜೊತೆಯ ದಾದಿಯರು ಒಪ್ಪಲಿಲ್ಲ. ಸುಪ್ರೀಂ ಕೋರ್ಟು 2011ರ ಮಾರ್ಚಿನಲ್ಲಿ ಆ ಅರ್ಜಿಯನ್ನು ತಳ್ಳಿಹಾಕಿತು. ಆದರೂ ಜೀವಾಧಾರದ ಉಪಕರಣಗಳನ್ನು ಹಿಂತೆಗೆಯುವುದಕ್ಕೆ ಹೈಕೋರ್ಟಿನ ಅಪ್ಪಣೆಯಿಂದ ಅವಕಾಶವುಂಟೆಂದು ಹೇಳಿತು. ಅರುಣಾ ಅವರು 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಆ ದಾದಿಯರ ಸೇವೆಯನ್ನು ನೆನೆದಾಗಲೆಲ್ಲಾ ನಮ್ಮ ಮನಸ್ಸು ಕರಗುತ್ತದೆ. ಕಾನೂನಿನ ಮಾತಿಗಿಂತ ಅದು ದೊಡ್ಡದೆಂದೇ ನಮ್ಮ ಎಣಿಕೆ.

ತರುವಾಯ 2018ರ ಮಾರ್ಚ್ 9ರಂದು ಐವರು ನ್ಯಾಯಾಧಿಪತಿಗಳ ಪೀಠವು, ಘನತೆಯಿಂದ ಸಾಯುವುದೂ ಸಂವಿಧಾನದ 21ನೆಯ ವಿಧಿಯೊಳಗಿನ ಹಕ್ಕೆಂದು ತೀರ್ಪಿತ್ತಿತು. ಸ್ವಸ್ಥ ಬುದ್ಧಿಯುಳ್ಳ ವಯಸ್ಕನು ತನಗೆ ಇಂಥ ಚಿಕಿತ್ಸೆ ಬೇಡವೆನ್ನಬಹುದು. ಮುಂದೆ ಮಾತಾಡಲಾಗದ ಕಾಲಕ್ಕೆಂದು ಅದನ್ನು ಬರೆದೂ ಇಡಬಹುದು. ಇದಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನವೆಂದು ಹೆಸರು. ಪೇಟೆಯವರು ಲಿವಿಂಗ್ ವಿಲ್ ಎನ್ನುತ್ತಾರೆ. ಮೊದಲು ಇದಕ್ಕೆ ಮ್ಯಾಜಿಸ್ಟ್ರೇಟರ ರುಜು ಬೇಕಿತ್ತಾದ್ದರಿಂದ ಬಡವನಿಗೆ ಅದು ಎಟುಕದ ಹಣ್ಣಾಗಿತ್ತು. 2023ರ ಜನವರಿ 24ರಂದು ನ್ಯಾಯಾಲಯವು ಆ ಗಂಟನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ರುಜು ಹಾಕಿ, ನೋಟರಿಯಿಂದಾಗಲಿ ಗೆಜೆಟೆಡ್ ಅಧಿಕಾರಿಯಿಂದಾಗಲಿ ದೃಢೀಕರಿಸಿದರೆ ಸಾಕು. ಸಾಕ್ಷಿಗಳು ಹೊರಗಿನವರಾದರೆ ಒಳ್ಳೇದು. ತನ್ನ ಪರವಾಗಿ ಮಾತಾಡತಕ್ಕ ಬಂಧುಗಳನ್ನು, ಒಬ್ಬರಿಗಿಂತ ಹೆಚ್ಚು ಮಂದಿಯನ್ನು, ಅದರಲ್ಲಿ ಹೆಸರಿಸಬೇಕು. ಪ್ರತಿಯೊಂದು ಪಂಚಾಯತಿಗೆ ಅಥವಾ ನಗರಸಭೆ, ನಗರಪಾಲಿಕೆಯ ಅಧಿಕಾರಿಗೆ, ಇನ್ನೊಂದು ಮನೆವೈದ್ಯರಿದ್ದರೆ ಅವರಿಗೆ ಹೋಗತಕ್ಕದ್ದು. ಮನಸ್ಸು ಬದಲಾದರೆ ಯಾವಾಗಲಾದರೂ ಬರಹದಿಂದ ರದ್ದುಮಾಡಬಹುದು.

ಕಾಗದವಿದ್ದ ಮಾತ್ರಕ್ಕೆ ಆಸ್ಪತ್ರೆಯವರು ಕೊಳವೆ ಕೀಳುವುದಿಲ್ಲ. ರೋಗಿಗೆ ವಾಸಿಯಾಗುವ ಆಸೆಯಿಲ್ಲವೆಂದು ಮೊದಲು ಆಸ್ಪತ್ರೆಯ ಮೂವರು ವೈದ್ಯರ ಮಂಡಲಿಯೂ, ಬಳಿಕ ಬೇರೆ ಮೂವರ ಎರಡನೆಯ ಮಂಡಲಿಯೂ ಹೇಳಬೇಕು, ಹೆಸರಿಸಿದ ಬಂಧುಗಳು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಎರಡನೆಯ ಮಂಡಲಿಗೆ ವೈದ್ಯರನ್ನು ಜಿಲ್ಲೆಯ ಆರೋಗ್ಯಾಧಿಕಾರಿಗಳು ನೇಮಿಸುವಂತೆ ಕರ್ನಾಟಕ ಸರಕಾರವು 2025ರ ಜನವರಿ 30ರಂದು ಆಜ್ಞೆ ಹೊರಡಿಸಿತು.

ಆದರೆ ಇದೆಲ್ಲವೂ ಆಸ್ಪತ್ರೆಯ ಗೋಡೆಯೊಳಗಿನ ಮಾತೆಂಬುದನ್ನು ವಾಚಕರು ಗಮನಿಸಬೇಕು. ಅಮೇರಿಕದ ಹಲವು ಸಂಸ್ಥಾನಗಳಲ್ಲಿ ಮನೆಯಲ್ಲಿರುವ ರೋಗಿಗೂ ವೈದ್ಯರು ರುಜು ಹಾಕಿದ ಸರಕಾರೀ ನಮೂನೆಯುಂಟು. ಕೆಲವೆಡೆ ಕೈಗೆ ಕಡಗವೂ ಉಂಟು. ಅದನ್ನು ಕಂಡ ಆಂಬುಲೆನ್ಸಿನವರು ಎದೆಯನ್ನು ಅದುಮುವುದಿಲ್ಲ. ನಮ್ಮಲ್ಲಿ ಅಂಥ ನಮೂನೆಯಿಲ್ಲ. 108ಕ್ಕೆ ಕರೆದರೆ ಅವರು ಜೀವ ಉಳಿಸಲೆಂದೇ ಬರುತ್ತಾರೆ. ಅವರನ್ನು ದೂರುವುದು ನ್ಯಾಯವಲ್ಲ. ಆದಕಾರಣ ತೀರ್ಮಾನವು ಫೋನು ಮಾಡುವುದಕ್ಕೆ ಮುಂಚೆಯೇ, ಮನೆಯವರೆಲ್ಲರ ನಡುವೆ, ರೋಗಿಯು ಮಾತಾಡಬಲ್ಲ ದಿನಗಳಲ್ಲಿಯೇ ಆಗಿರಬೇಕು. ರೋಗದ ಸ್ಥಿತಿಯನ್ನು ತಿಳಿಸುವ ವೈದ್ಯರ ಪತ್ರವು ಮನೆಯಲ್ಲಿರಲಿ. ಕಡೇ ಗಳಿಗೆಯಲ್ಲಿ ಯಾರಿಗೆ ಹೇಳಿಕಳುಹಿಸಬೇಕೆಂಬುದು ಚಿಕ್ಕವರಿಗೂ ತಿಳಿದಿರಲಿ. ಪೊಲೀಸರ ಭಯಕ್ಕೆ ಉತ್ತರವೂ ಇಲ್ಲಿಯೇ ಇದೆ: ತಿಳಿದ ರೋಗದಿಂದ ಮನೆಯಲ್ಲಿ ಸತ್ತವನಿಗೆ, ಚಿಕಿತ್ಸೆ ಮಾಡುತ್ತಿದ್ದ ವೈದ್ಯರು ಮರಣದ ಕಾರಣವನ್ನು ನಮೂನೆ 4-ಎಯಲ್ಲಿ ಬರೆದುಕೊಡುತ್ತಾರೆ, 21 ದಿನದೊಳಗೆ ಮರಣವನ್ನು ನೋಂದಾಯಿಸತಕ್ಕದ್ದು.

ಇದು ಆತ್ಮಹತ್ಯೆಗೆ ಸಮಾನವಲ್ಲವೋ ಎಂದು ನಮ್ಮ ಸಭೆಯಲ್ಲಿ ಕೆಲವರು ಕೇಳಿದ್ದಾರೆ. ಸಾಯಿಸುವ ಔಷಧವನ್ನು ಕೊಡುವುದು ಇಂದಿಗೂ ಅಪರಾಧವೇ. ಬಂದ ಮರಣಕ್ಕೆ ಅಡ್ಡ ನಿಲ್ಲದಿರುವುದು ಬೇರೆ ಎಂದು ನ್ಯಾಯಾಧಿಪತಿಗಳೇ ವಿಂಗಡಿಸಿದ್ದಾರೆ. ನಮಗೂ ಅದೇ ಸರಿಯೆಂದು ಕಾಣುತ್ತದೆ. ಎದೆ ಅದುಮುವುದು ಬೇಡವೆಂದರೆ ಆರೈಕೆಯೇ ಬೇಡವೆಂದು ಅರ್ಥವಲ್ಲ: ನೋವಿಗೆ ಔಷಧ, ಬಾಯಿಗೆ ನೀರು, ಮೈಯೊರಸುವುದು, ಮಗ್ಗುಲು ಬದಲಿಸುವುದು, ಇವು ಕಡೇ ಉಸಿರಿನ ವರೆಗೂ ನಡೆಯತಕ್ಕವು. ಬೆಂಗಳೂರಿನ ಕರುಣಾಶ್ರಯದವರು ವಾಸಿಯಾಗದ ಕ್ಯಾನ್ಸರಿನವರಿಗೆ ಹಣ ತೆಗೆದುಕೊಳ್ಳದೆ ಈ ಆರೈಕೆಯನ್ನು ಮಾಡುತ್ತಿದ್ದಾರೆ.

ಆ ಮನೆಯ ತಾಯಿಯವರು ಈಗ ತಮ್ಮ ಕಾಗದವನ್ನು ಬರೆಸಬೇಕೆಂದು ಹೇಳಿಕಳುಹಿಸಿದ್ದಾರೆ. ಹೆಸರಿಸುವವರಲ್ಲಿ ಕಿರಿಯ ಮಗನೂ ಇರಬೇಕೆಂದು ಅವರ ಹಟ. ಅವನಿಗೆ ಇನ್ನೂ ಧೈರ್ಯ ಸಾಲದು. ನೆರೆಮನೆಯವರೊಬ್ಬರೂ ನಾವೂ ಸಾಕ್ಷಿಗಳಾಗಿ ಬರುವ ಶನಿವಾರ ನೋಟರಿಯವರ ಬಳಿಗೆ ಹೋಗುವವರಿದ್ದೇವೆ.