ಬಳಸಿದ ಮೋಟಾರು ಸೈಕಲ್ ಕೊಳ್ಳುವಾಗ: ಹಳೆಯ ಎಂಜಿನ್, ಹೊಸ ಎಂಜಿನ್



ಬೆಳಿಗ್ಗೆ ಡೈರಿಗೆ ಹಾಲು ಮುಟ್ಟಿಸುವುದರಿಂದ ಹಿಡಿದು ಸಂಜೆ ಪೇಟೆಯಿಂದ ಗೊಬ್ಬರದ ಚೀಲ ತರುವವರೆಗೆ ಹಳ್ಳಿಯ ಓಡಾಟವೆಲ್ಲ ಇಂದು ಮೋಟಾರು ಸೈಕಲ್ಲಿನ ಮೇಲೆ ನಡೆಯುತ್ತದೆ. ಹೊಸದರ ಬೆಲೆ ಎಟುಕದೆ ಅನೇಕರು ಬಳಸಿದ ಗಾಡಿಯನ್ನೇ ಕೊಳ್ಳುತ್ತಾರೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನಡೆಸಿ ನೋಡುವ ನಾವು ಗಾಡಿ ಕೊಳ್ಳುವಾಗ ಮಾತ್ರ ಬಣ್ಣ ಮತ್ತು ಮೀಟರು ನೋಡಿ ಹಣ ಎಣಿಸಿಬಿಡುತ್ತೇವೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಪ್ರಾತ್ಯಕ್ಷಿಕೆ ತಾಕುಗಳಿಗೆ ಓಡಾಡಲೆಂದು ಬಳಸಿದ ಗಾಡಿಯೊಂದನ್ನು ಕೊಂಡೆ. ನಾನು ಹೋಗುವಷ್ಟರಲ್ಲಿ ಮಾರುವವರು ಎಂಜಿನ್ನನ್ನು ಓಡಿಸಿ ಬಿಸಿ ಮಾಡಿಟ್ಟಿದ್ದರು. ಒಂದೇ ಒದೆತಕ್ಕೆ ಚಾಲೂ ಆಯಿತು. ಮಾರನೆಯ ಬೆಳಿಗ್ಗೆ ಹತ್ತು ಬಾರಿ ಒದ್ದರೂ ಏಳಲಿಲ್ಲ. ಎದ್ದ ಮೇಲೆ ಅಂಗಳವೆಲ್ಲ ನೀಲಿ ಹೊಗೆ. ಸಿಲಿಂಡರು ಬೋರ್ ಮಾಡಿಸಿ, ಪಿಸ್ಟನ್ ಮತ್ತು ರಿಂಗ್ ಬದಲಿಸಬೇಕಾಯಿತು. ಗೊಬ್ಬರ ಹಾಕಿದ ಕೂಡಲೇ ತೆಗೆದ ಮಣ್ಣಿನ ಮಾದರಿ ಹೇಗೆ ನಿಜ ಹೇಳುವುದಿಲ್ಲವೋ ಹಾಗೆಯೇ ಬಿಸಿಯಾದ ಎಂಜಿನ್ ಕೂಡ ನಿಜ ಹೇಳುವುದಿಲ್ಲ.

ಮೂರು ತಲೆಮಾರಿನ ಎಂಜಿನ್‌ಗಳು

ಬಳಸಿದ ಗಾಡಿಗಳ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಎಂಜಿನ್‌ಗಳು ಸಿಗುತ್ತವೆ.

1. ಟೂ ಸ್ಟ್ರೋಕ್ ಎಂಜಿನ್: ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ಡಿ, ರಾಜದೂತ್, 1985ರಲ್ಲಿ ಬಂದ ಯಮಾಹಾ ಆರ್.ಎಕ್ಸ್. 100 ಈ ಗುಂಪಿಗೆ ಸೇರಿದವು. ಇವುಗಳಲ್ಲಿ ಕ್ರ್ಯಾಂಕ್ ದಂಡದ ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುತ್ತದೆ. ಆದ್ದರಿಂದಲೇ 98 ಸಿ.ಸಿ.ಯ ಆರ್.ಎಕ್ಸ್. 100 ಸುಮಾರು 11 ಅಶ್ವಶಕ್ತಿ ಕೊಟ್ಟರೆ, ಹೆಚ್ಚುಕಡಿಮೆ ಅಷ್ಟೇ ಗಾತ್ರದ ಇಂದಿನ ಫೋರ್ ಸ್ಟ್ರೋಕ್ ಎಂಜಿನ್ ಕೊಡುವುದು ಸುಮಾರು 8. ವಾಲ್ವುಗಳಿಲ್ಲದ ಸರಳ ರಚನೆಯಾದ್ದರಿಂದ ಬಿಚ್ಚಿ ಜೋಡಿಸುವುದು ಸುಲಭ. ಆದರೆ ಹೊಸದಾಗಿ ಒಳಬಂದ ಇಂಧನದಲ್ಲಿ ಒಂದು ಪಾಲು ಉರಿಯದೆ ಹೊಗೆಯೊಡನೆ ಹೊರಹೋಗುವುದರಿಂದ ಪೆಟ್ರೋಲು ಹೆಚ್ಚು ಬೇಕು. ಆಯಿಲ್ ಕೂಡ ಪೆಟ್ರೋಲಿನೊಂದಿಗೆ ಉರಿದುಹೋಗುತ್ತದೆ. ಯೆಜ್ಡಿ ಮತ್ತು ಆರ್.ಎಕ್ಸ್. 100 ಎರಡರ ತಯಾರಿಕೆಯೂ 1996ರಲ್ಲಿ ನಿಂತಿತು. ಇಂದು ಇವುಗಳ ಬೆಲೆಯನ್ನು ಮೋಹ ನಿರ್ಧರಿಸುತ್ತದೆಯೇ ಹೊರತು ದುಡಿಮೆಯಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರಿನಲ್ಲಿ ಮತ್ತೆ ಬಂದ ಗಾಡಿಗಳದ್ದು ಬೇರೆಯೇ ಆದ ಫೋರ್ ಸ್ಟ್ರೋಕ್ ಎಂಜಿನ್. ಹಳೆಯ ಗಾಡಿಗೆ ಅದರ ಭಾಗಗಳು ಹೊಂದುವುದಿಲ್ಲ.

2. ಕಾರ್ಬೊರೇಟರ್ ಇರುವ ಫೋರ್ ಸ್ಟ್ರೋಕ್ ಎಂಜಿನ್: 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100, 1994ರ ಸ್ಪ್ಲೆಂಡರ್ ಇದಕ್ಕೆ ಉದಾಹರಣೆ. ಇಲ್ಲಿ ಎರಡು ಸುತ್ತಿಗೆ ಒಮ್ಮೆ ಇಂಧನ ಉರಿಯುತ್ತದೆ. ಆಯಿಲ್ ಎಂಜಿನ್ನಿನ ತಳದಲ್ಲೇ ಉಳಿಯುತ್ತದೆ. ಇಂಧನ ಕಡಿಮೆ ಸಾಕು. ಇಂತಹ ಅನೇಕ ಗಾಡಿಗಳು ಬ್ಯಾಟರಿ ಸೋತರೂ ಕಿಕ್ಕರಿನಿಂದ ಚಾಲೂ ಆಗುತ್ತವೆ. ಹಳ್ಳಿಯ ಮೆಕ್ಯಾನಿಕ್ಕುಗಳಿಗೆ ಇವು ಕೈಗೆ ಪಳಗಿದ ಎಂಜಿನ್‌ಗಳು.

3. ಇಂಧನ ಚಿಮ್ಮಿಸುವ (ಫ್ಯೂಯೆಲ್ ಇಂಜೆಕ್ಷನ್) ಎಂಜಿನ್: 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಬಹುತೇಕ ಎಲ್ಲ ಗಾಡಿಗಳಿಗೂ ಈ ವ್ಯವಸ್ಥೆ ಬಂದಿತು. ಎಷ್ಟು ಪೆಟ್ರೋಲು ಬೇಕೆಂಬುದನ್ನು ಸಂವೇದಕಗಳ ಸಹಾಯದಿಂದ ಒಂದು ಪುಟ್ಟ ಗಣಕವೇ ನಿರ್ಧರಿಸುತ್ತದೆ. ಚಳಿಗಾಲದಲ್ಲೂ ಚೋಕ್ ಬೇಡ, ಹೊಗೆಯೂ ಕಡಿಮೆ. ಆದರೆ ಟ್ಯಾಂಕಿನಲ್ಲಿರುವ ಪೆಟ್ರೋಲ್ ಪಂಪು ವಿದ್ಯುತ್ತಿನಿಂದ ನಡೆಯುವುದರಿಂದ ಬ್ಯಾಟರಿ ಪೂರ್ತಿ ಸತ್ತರೆ ಗಾಡಿಯೂ ನಿಲ್ಲುತ್ತದೆ. ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ಗಾಡಿಯ ತಂತಿಯನ್ನು ಇಲಿ ಕಡಿದರೂ ಇದೇ ಗತಿ. ದೋಷ ಹುಡುಕಲು ಅದಕ್ಕೆಂದೇ ಇರುವ ಉಪಕರಣ ಬೇಕಾಗುತ್ತದೆ.

ಪರೀಕ್ಷಿಸುವ ಕ್ರಮ

ಬೆಳಗಿನ ಹೊತ್ತು, ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮೊದಲು ಎಂಜಿನ್ನನ್ನು ಕೈಯಿಂದ ಮುಟ್ಟಿ ನೋಡಿರಿ. ಬಿಸಿ ಇದ್ದರೆ ಇನ್ನೊಂದು ದಿನ ಬರುವುದಾಗಿ ಹೇಳಿ ಹಿಂದಿರುಗುವುದು ಲೇಸು.

ಕಿಕ್ಕರ್ ಇದ್ದರೆ, ಕೀಲಿ ತಿರುಗಿಸದೆ ಅದನ್ನು ಮೆಲ್ಲನೆ ಒತ್ತಿರಿ. ಒಂದು ಹಂತದಲ್ಲಿ ಅದು ಕಾಲನ್ನು ತಡೆದು ನಿಲ್ಲಿಸಬೇಕು. ತಡೆಯಿಲ್ಲದೆ ಸಲೀಸಾಗಿ ಇಳಿದರೆ ರಿಂಗ್ ಅಥವಾ ಸಿಲಿಂಡರು ಸವೆದಿರುವ ಸಾಧ್ಯತೆ ಹೆಚ್ಚು. ಫೋರ್ ಸ್ಟ್ರೋಕ್‌ನಲ್ಲಿ ವಾಲ್ವು ಸರಿಯಾಗಿ ಕೂರದಿರಲೂಬಹುದು.

ಹೊಗೆಯನ್ನು ಎಂಜಿನ್ನಿನ ಬಗೆಗೆ ತಕ್ಕಂತೆ ಓದಬೇಕು. ಟೂ ಸ್ಟ್ರೋಕ್‌ನಲ್ಲಿ ಸ್ವಲ್ಪ ನೀಲಿ ಹೊಗೆ ಸಹಜ. ಫೋರ್ ಸ್ಟ್ರೋಕ್‌ನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದೇ ಅರ್ಥ. ಚಾಲೂ ಮಾಡಿದಾಗ ಮಾತ್ರ ಬಂದು ನಿಂತರೆ ವಾಲ್ವಿನ ಸೀಲುಗಳ ಮೇಲೆ, ಆಕ್ಸಿಲರೇಟರ್ ತಿರುಗಿಸಿದಾಗಲೆಲ್ಲ ಬಂದರೆ ರಿಂಗ್‌ಗಳ ಮೇಲೆ ಅನುಮಾನ ಪಡಬೇಕು. ಎರಡನೆಯದರ ರಿಪೇರಿ ಖರ್ಚು ಹೆಚ್ಚು. ತಣ್ಣನೆಯ ಬೆಳಿಗ್ಗೆ ಕ್ಷಣಕಾಲ ಕಾಣುವ ಬಿಳಿ ಆವಿ ಬರೀ ನೀರಿನದು, ಅದಕ್ಕೆ ಹೆದರಬೇಕಾಗಿಲ್ಲ.

ಬಿ.ಎಸ್. 6 ಗಾಡಿಯಾದರೆ ಕೀಲಿ ತಿರುಗಿಸಿದಾಗ ಎಂಜಿನ್ ಚಿಹ್ನೆಯ ದೀಪ ಹೊತ್ತಿ, ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಆರದೆ ಉಳಿದರೆ ದೋಷವಿದೆ. ಹೊತ್ತಲೇ ಇಲ್ಲವಾದರೆ ದೋಷವನ್ನು ಮುಚ್ಚಿಟ್ಟಿರಬಹುದು.

ಮೀಟರಿನ ಅಂಕಿಯನ್ನು ಬದಲಿಸಬಹುದು. ಬ್ರೇಕ್ ಪೆಡಲು, ಹ್ಯಾಂಡಲ್ ಹಿಡಿ, ಕಾಲಿಡುವ ರಬ್ಬರು ಇವುಗಳ ಸವೆತ ಹೆಚ್ಚು ನಂಬಿಕೆಗೆ ಅರ್ಹ.

ಎಥೆನಾಲ್ ಬೆರೆತ ಪೆಟ್ರೋಲು

ಕಬ್ಬು, ಮೆಕ್ಕೆಜೋಳಗಳಿಂದ ತಯಾರಾಗುವ ಎಥೆನಾಲ್ 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಶೇ. 20ರಷ್ಟಾಯಿತು. ಇದರಿಂದ ಬೆಳೆಗಾರನಿಗೆ ಮಾರುಕಟ್ಟೆ ಹಿಗ್ಗಿದೆ, ನಿಜ. ಆದರೆ ಎಥೆನಾಲ್ ನೀರನ್ನು ಹೀರುತ್ತದೆ. ಹಳೆಯ ಗಾಡಿಗಳ ರಬ್ಬರ್ ಕೊಳವೆ, ವಾಷರುಗಳನ್ನು ಹಾಳುಮಾಡಬಲ್ಲದು. ಲೀಟರೊಂದರಲ್ಲಿ ಅದರ ಶಕ್ತಿ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರವಾದ್ದರಿಂದ ಮೈಲೇಜೂ ತುಸು ಇಳಿಯುತ್ತದೆ. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳಲ್ಲಿ ಈ ಮಿಶ್ರಣವನ್ನು ತಾಳಿಕೊಳ್ಳುವ ಭಾಗಗಳಿವೆ. ಅದಕ್ಕೂ ಹಿಂದಿನದನ್ನು ಕೊಂಡರೆ ಪೆಟ್ರೋಲ್ ಕೊಳವೆಗಳನ್ನು ಆಗಾಗ ಪರೀಕ್ಷಿಸಿ, ಬಿರುಕು ಕಂಡಕೂಡಲೆ ಬದಲಿಸಿರಿ. ಮಳೆಗಾಲದಲ್ಲಿ ಅರ್ಧ ಟ್ಯಾಂಕಿನೊಂದಿಗೆ ತಿಂಗಳುಗಟ್ಟಲೆ ನಿಲ್ಲಿಸಬೇಡಿರಿ.

ಖರ್ಚಿನ ಲೆಕ್ಕ

ದಿನಕ್ಕೆ 30 ಕಿ.ಮೀ.ಯಂತೆ ತಿಂಗಳಿಗೆ 900 ಕಿ.ಮೀ. ಓಡಾಟವೆಂದು ಇಟ್ಟುಕೊಳ್ಳೋಣ. ಲೀಟರಿಗೆ 40 ಕಿ.ಮೀ. ಓಡುವ ಗಾಡಿಗೆ 22.5 ಲೀಟರ್, 60 ಕಿ.ಮೀ. ಓಡುವ ಗಾಡಿಗೆ 15 ಲೀಟರ್ ಬೇಕು. ಲೀಟರಿಗೆ 100 ರೂ.ನಂತೆ ಹಿಡಿದರೂ ತಿಂಗಳಿಗೆ 750 ರೂ., ವರ್ಷಕ್ಕೆ 9,000 ರೂ. ವ್ಯತ್ಯಾಸ. ಕಡಿಮೆ ಬೆಲೆಗೆ ಸಿಕ್ಕಿತೆಂದು ಹಿಗ್ಗುವ ಮೊದಲು ನಿಮ್ಮ ಓಡಾಟಕ್ಕೆ ಈ ಲೆಕ್ಕವನ್ನು ಹಾಕಿ ನೋಡಿರಿ.

ಕಾಗದಪತ್ರ

ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ನೋಂದಣಿ ಪತ್ರದಲ್ಲಿರುವುದಕ್ಕೆ ತಾಳೆಯಾಗಬೇಕು. ಹಳೆಯ ಗಾಡಿಗೆ ಬೇರೆ ಎಂಜಿನ್ ಕೂರಿಸಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಸಾಲದ ನಮೂದು ರದ್ದಾಗಿರಬೇಕು. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ನಮೂನೆ 29 ಮತ್ತು 30ಕ್ಕೆ ಸಹಿಯಾಗಿ ಹೆಸರು ವರ್ಗಾವಣೆಗೆ ಅರ್ಜಿ ಹೋದ ಮೇಲೆಯೇ ಪೂರ್ತಿ ಹಣ ಕೊಡಿರಿ.

ಹಾಗಾದರೆ ಯಾವುದು ಒಳ್ಳೆಯದು?

ಯಾವ ತಳಿ ಒಳ್ಳೆಯದೆಂದು ಕೇಳಿದರೆ ನಿಮ್ಮ ಭೂಮಿ ಎಂತಹದು ಎಂದು ನಾವು ಮರುಪ್ರಶ್ನೆ ಹಾಕುತ್ತೇವಲ್ಲವೇ? ಇಲ್ಲಿಯೂ ಹಾಗೆಯೇ. ದಿನವೂ ಹಾಲು ಮುಟ್ಟಿಸಬೇಕಾದವರಿಗೆ, ಸರ್ವಿಸ್ ಕೇಂದ್ರ ದೂರವಿರುವವರಿಗೆ, ಸುಸ್ಥಿತಿಯಲ್ಲಿರುವ ಕಾರ್ಬೊರೇಟರಿನ ಫೋರ್ ಸ್ಟ್ರೋಕ್ ಸಾಕು. ಹತ್ತಿರದಲ್ಲೇ ಉಪಕರಣವುಳ್ಳ ಮೆಕ್ಯಾನಿಕ್ ಇದ್ದರೆ ಬಿ.ಎಸ್. 6 ಗಾಡಿ ಹೆಚ್ಚು ವರ್ಷ ಬಾಳಿಕೆಗೆ ಬಂದೀತು. ಟೂ ಸ್ಟ್ರೋಕ್ ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಳ್ಳಬಹುದು, ಸಂಸಾರದ ದುಡಿಮೆಯನ್ನು ಅದರ ಮೇಲೆ ಹೊರಿಸುವುದು ಸಲ್ಲದು.

ಆದ್ದರಿಂದ ಗಾಡಿ ನೋಡಲು ಹೊರಡುವ ಮುನ್ನ ನಿಮ್ಮೂರಿನ ಮೆಕ್ಯಾನಿಕ್ಕನನ್ನು ಕಂಡು, ಈ ಎಂಜಿನ್ನನ್ನು ನೀನು ಬಿಚ್ಚಿ ಜೋಡಿಸಬಲ್ಲೆಯಾ, ಇದರ ಸಾಮಾನು ಸಿಗುತ್ತದೆಯೇ ಎಂದು ಕೇಳಿರಿ. ಸಾಧ್ಯವಾದರೆ ಅವನನ್ನೇ ಜೊತೆಗೆ ಕರೆದೊಯ್ಯಿರಿ. ಅವನ ಅರ್ಧ ದಿನದ ಕೂಲಿ, ಮುಂದೆ ಬೋರ್ ಮಾಡಿಸುವ ಖರ್ಚಿನ ಮುಂದೆ ಏನೂ ಅಲ್ಲ.