ಮೊದಲು ಫಿಲ್ಟರ್ ಪಳಗಲಿ, ಆಮೇಲೆ ಮೀನು ಬರಲಿ

ಭಾನುವಾರ ಬೆಳಿಗ್ಗೆ ಗಾಜಿನ ತೊಟ್ಟಿ ತರುವುದು, ಸಂಜೆಯೊಳಗೆ ನೀರು ತುಂಬಿ ಮೀನು ಬಿಡುವುದು, ಮುಂದಿನ ವಾರ ಸತ್ತ ಮೀನುಗಳನ್ನು ಒಂದೊಂದಾಗಿ ಎತ್ತಿ ಹಾಕುವುದು. ಮನೆಯಲ್ಲಿ ಅಕ್ವೇರಿಯಂ ಇಡಲು ಹೊರಟ ಬಹಳಷ್ಟು ಜನರ ಕಥೆ ಇದು. ಕೊನೆಗೆ ‘ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ’ ಎಂದು ತೊಟ್ಟಿಯನ್ನು ಅಟ್ಟಕ್ಕೆ ಹಾಕುತ್ತಾರೆ. ಮೀನು ಎಲ್ಲರ ಮನೆಗೂ ಆಗಿಬರುತ್ತದೆ. ನಾಲ್ಕಾರು ವಾರ ಕಾಯುವ ತಾಳ್ಮೆ ಬೇಕು, ಒಂದು ಒಳ್ಳೆಯ ಫಿಲ್ಟರ್ ಬೇಕು. ಆ ಫಿಲ್ಟರನ್ನು ಕಡಿಮೆ ಖರ್ಚಿನಲ್ಲಿ ನೀವೇ ಮಾಡಿಕೊಳ್ಳಬಹುದು.

ಹಂತ 1: ತೊಟ್ಟಿ ಮತ್ತು ಜಾಗ

2 ಅಡಿ ಉದ್ದ, ತಲಾ 1 ಅಡಿ ಅಗಲ ಮತ್ತು ಎತ್ತರದ ಸಿದ್ಧ ತೊಟ್ಟಿ ಕೊಳ್ಳಿ. ಇದರಲ್ಲಿ ಸುಮಾರು 45 ಲೀಟರ್ ನೀರು ನಿಲ್ಲುತ್ತದೆ. ಇದಕ್ಕಿಂತ ಚಿಕ್ಕದು ಬೇಡ. ನೀರು ಕಡಿಮೆಯಿದ್ದಷ್ಟೂ ಬೇಗ ಕೆಡುತ್ತದೆ. ಗಾಜು, ಜಲ್ಲಿ, ನೀರು ಸೇರಿ ತೂಕ 60 ಕೆ.ಜಿ. ದಾಟುವುದರಿಂದ ಟಿ.ವಿ. ಸ್ಟ್ಯಾಂಡಿನ ಮೇಲೆ ಇಡಬೇಡಿ. ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಳೆ ಹಾಸಿ. ಕಿಟಕಿಯ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಒಂದು ದಿನ ನೀರು ತುಂಬಿಸಿಟ್ಟು ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ತಳಕ್ಕೆ ಹಾಕುವ ಕಲ್ಲಿನ ಮೇಲೆ ನಿಂಬೆರಸದ ನಾಲ್ಕು ಹನಿ ಬಿಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ, ಬೇಡ.

ಹಂತ 2: ಫಿಲ್ಟರ್ ಡಬ್ಬ

ಬೇಕಾಗುವುದು: ಐದಾರು ಲೀಟರಿನ ಉದ್ದನೆಯ ಪ್ಲಾಸ್ಟಿಕ್ ಡಬ್ಬ, ನೀರಿನಲ್ಲಿ ಮುಳುಗಿಸಿಡುವ ಪುಟ್ಟ ಪಂಪು, ಮೆದು ಪೈಪು, ಫಿಲ್ಟರ್ ಹತ್ತಿ, ದಪ್ಪ ಸ್ಪಂಜು, ಸೆರಾಮಿಕ್ ರಿಂಗು, ಎರಡು ತುಂಡು ಪಿವಿಸಿ ಪೈಪು.

ಡಬ್ಬದ ತಳಕ್ಕೆ 6 ಮಿ.ಮೀ. ಅಳತೆಯ ರಂಧ್ರಗಳನ್ನು ಕೊರೆಯಿರಿ, 30ಕ್ಕೆ ಕಡಿಮೆ ಬೇಡ. ತಳದಲ್ಲಿ ಸೆರಾಮಿಕ್ ರಿಂಗು, ಅದರ ಮೇಲೆ ಸ್ಪಂಜು, ಎಲ್ಲಕ್ಕಿಂತ ಮೇಲೆ ಹತ್ತಿ. ಈ ಕ್ರಮ ತಿರುಗುಮುರುಗಾದರೆ ಕಸವೆಲ್ಲ ರಿಂಗುಗಳಲ್ಲಿ ಸಿಕ್ಕಿ ಗಟ್ಟಿಯಾಗುತ್ತದೆ. ಪಿವಿಸಿ ತುಂಡುಗಳನ್ನು ತೊಟ್ಟಿಯ ಬಾಯಿಗೆ ಅಡ್ಡಲಾಗಿಟ್ಟು ಬಿಗಿದು, ಡಬ್ಬವನ್ನು ಅವುಗಳ ಮೇಲೆ ಕೂರಿಸಿ. ಡಬ್ಬದ ಅಗಲ ತೊಟ್ಟಿಯ ಬಾಯಿಗಿಂತ ಕಡಿಮೆಯೇ ಇರಬೇಕು. ಹತ್ತಿ ಕಟ್ಟಿಕೊಂಡು ನೀರು ಉಕ್ಕಿದರೂ ಆಗ ಅದು ತೊಟ್ಟಿಯೊಳಗೇ ಬೀಳುತ್ತದೆ, ನೆಲಕ್ಕೆ ಹರಿಯುವುದಿಲ್ಲ.

ಪಂಪು ತೊಟ್ಟಿಯ ತಳದಿಂದ ನೀರನ್ನು ಡಬ್ಬಕ್ಕೆ ಏರಿಸುತ್ತದೆ, ನೀರು ಪದರಗಳಲ್ಲಿ ಇಳಿದು ಮಳೆಯಂತೆ ತೊಟ್ಟಿಗೆ ಬೀಳುತ್ತದೆ. ಗಂಟೆಗೆ ನಾಲ್ಕೈದು ಸಲವಾದರೂ ಪೂರ್ತಿ ನೀರು ಹೀಗೆ ಸುತ್ತಬೇಕು. ಎತ್ತರಕ್ಕೆ ಏರಿಸುವಾಗ ಪಂಪಿನ ಶಕ್ತಿ ಕುಗ್ಗುವುದರಿಂದ ಗಂಟೆಗೆ 400ರಿಂದ 500 ಲೀಟರಿನದನ್ನು ಕೊಳ್ಳಿ. ಪೈಪಿನ ತುದಿ ಹತ್ತಿಯಿಂದ ಮೇಲಿರಲಿ. ಪಂಪಿನ ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಮೇಲೇರುವಂತೆ ಬಿಡಿ. ವೈರಿನ ಮೇಲೆ ಜಾರುವ ನೀರು ಪ್ಲಗ್ಗಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ತೊಟ್ಟಿಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸುವುದನ್ನು ಮಕ್ಕಳಿಗೂ ಕಲಿಸಿ.

ಅಂಗಡಿಯ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿಗಿಂತ ಈ ತೆರೆದ ಡಬ್ಬವೇ ನಮ್ಮ ಊರುಗಳಿಗೆ ವಾಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕರೆಂಟ್ ಹೋದರೂ ರಿಂಗುಗಳು ಒದ್ದೆಯಾಗಿ, ಗಾಳಿಗೆ ಒಡ್ಡಿಕೊಂಡೇ ಇರುತ್ತವೆ. ಮುಚ್ಚಿದ ಫಿಲ್ಟರಿನೊಳಗೆ ನಿಂತ ನೀರಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ.

ಹಂತ 3: ಎಲ್ಲರೂ ಎಡವುವ ಜಾಗ

ಫಿಲ್ಟರ್ ಕಸ ಹಿಡಿಯುತ್ತದೆ ಎಂದಷ್ಟೇ ಹೆಚ್ಚಿನವರು ತಿಳಿದಿದ್ದಾರೆ. ಅದಕ್ಕಿಂತ ದೊಡ್ಡ ಕೆಲಸ ಅಲ್ಲಿ ಕಣ್ಣಿಗೆ ಕಾಣದಂತೆ ನಡೆಯುತ್ತದೆ. ಮೀನಿನ ಹಿಕ್ಕೆ, ಉಸಿರು, ತಿನ್ನದೆ ಉಳಿದ ಆಹಾರ ಇವುಗಳಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಇದು ಮೀನಿಗೆ ವಿಷ. ರಿಂಗು, ಸ್ಪಂಜುಗಳಿಗೆ ಅಂಟಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಲ್ಪ ಪ್ರಮಾಣದ ನೈಟ್ರೇಟನ್ನು ಮೀನು ತಾಳಿಕೊಳ್ಳುತ್ತದೆ. ಈ ಎರಡೂ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಆದ್ದರಿಂದ ನೀರು ತುಂಬಿದ, ಮೀನಿಲ್ಲದ ತೊಟ್ಟಿಯಲ್ಲೇ ಪಂಪು ಹಗಲೂ ರಾತ್ರಿ ಓಡಲಿ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ದ್ರಾವಣವನ್ನು ಬಾಟಲಿ ಮೇಲಿನ ಅಳತೆಯಂತೆ ಹಾಕಿ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸಿ, ಅದು ಕೊಳೆತು ಅಮೋನಿಯಾ ಬರಲಿ. ಪರಿಚಯದವರ ಮನೆಯಲ್ಲಿ ಆರೋಗ್ಯದ ಮೀನುಗಳಿರುವ ಹಳೆಯ ತೊಟ್ಟಿಯಿದ್ದರೆ ಅಲ್ಲಿಂದ ಒಂದು ತುಂಡು ಸ್ಪಂಜು ತಂದು ನಿಮ್ಮ ಡಬ್ಬದಲ್ಲಿಡಿ. ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಸಾಗುತ್ತದೆ.

ಮೊದಲ ವಾರಗಳಲ್ಲಿ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಬಹುದು. ಗಾಬರಿಯಾಗಿ ಎಲ್ಲ ನೀರನ್ನೂ ಚೆಲ್ಲಬೇಡಿ, ತಾನಾಗಿ ತಿಳಿಯಾಗುತ್ತದೆ. ತಿಳಿ ನೀರನ್ನು ನಂಬಿ ಮೀನನ್ನೂ ಬಿಡಬೇಡಿ. ಅಮೋನಿಯಾ ಬೆರೆತ ನೀರು ಗಾಜಿನಂತೆ ಹೊಳೆಯುತ್ತಿರುತ್ತದೆ. ಅದರಲ್ಲಿ ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿರುತ್ತದೆ, ಕಿವಿರು ಕೆಂಪೇರಿರುತ್ತದೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಕೊಳ್ಳಿ. ದಿನವೂ ಚಿಟಿಕೆ ಆಹಾರ ಬೀಳುತ್ತಿದ್ದರೂ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗಿಳಿದು, ನೈಟ್ರೇಟ್ ಕಾಣಿಸಿಕೊಂಡರೆ ತೊಟ್ಟಿ ಸಿದ್ಧ. ಅಲಂಕಾರದ ಗೊಂಬೆಗೆ ಕೊಡುವ ಹಣವನ್ನು ಈ ಕಿಟ್‌ಗೆ ಕೊಡಿ.

ಇಷ್ಟೆಲ್ಲ ಕಾದವರೂ ಮುಂದೆ ಇನ್ನೊಂದು ಕಡೆ ಕೆಡುತ್ತಾರೆ. ಹಬ್ಬದ ಶುಚಿಯ ಉತ್ಸಾಹದಲ್ಲಿ ಸ್ಪಂಜು, ರಿಂಗು ಎಲ್ಲವನ್ನೂ ನಲ್ಲಿಯ ಕೆಳಗೆ ತಿಕ್ಕಿ ಬಿಸಿಲಿಗೆ ಒಣಗಿಸುತ್ತಾರೆ. ಬೆಳೆಸಿದ ಬ್ಯಾಕ್ಟೀರಿಯಾ ಅಲ್ಲಿಗೆ ಮುಗಿಯಿತು, ಎರಡು ಮೂರು ದಿನದಲ್ಲಿ ಮೀನು ಸಾಯತೊಡಗುತ್ತವೆ. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಹಿಂಡಿ, ಮತ್ತೆ ಇಡಿ. ಹತ್ತಿ ಮಾತ್ರ ಹೊಸದು ಹಾಕಬಹುದು. ರಿಂಗುಗಳನ್ನು ಅಪರೂಪಕ್ಕೊಮ್ಮೆ, ಹಾಗೆಯೇ ತೊಟ್ಟಿಯಿಂದ ತೆಗೆದ ನೀರಿನಲ್ಲಿ ಅಲುಗಾಡಿಸಿದರೆ ಸಾಕು. ಸ್ಪಂಜು ಹಿಂಡಿದ ದಿನ ರಿಂಗು ಮುಟ್ಟಬೇಡಿ. ಸೋಪು ಯಾವತ್ತೂ ಬೇಡ.

ಹಂತ 4: ಮೀನು

ಗಪ್ಪಿ, ಪ್ಲಾಟಿ, ಜೀಬ್ರಾ ಡ್ಯಾನಿಯೊ ಹೊಸಬರಿಗೆ ಒಳ್ಳೆಯವು. ಮೊದಲು ನಾಲ್ಕೈದು, ಎರಡು ವಾರ ಬಿಟ್ಟು ಇನ್ನಷ್ಟು. ಗೋಲ್ಡ್‌ಫಿಶ್ ದೊಡ್ಡದಾಗಿ ಬೆಳೆಯುತ್ತದೆ, ಹೆಚ್ಚು ಹೊಲಸು ಮಾಡುತ್ತದೆ. ಈ ತೊಟ್ಟಿಗೆ ಬೇಡ. ತಂದ ಕವರನ್ನು ಹದಿನೈದು ನಿಮಿಷ ತೊಟ್ಟಿಯಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಬೆರೆಸಿ, ಬಲೆಯಿಂದ ಮೀನನ್ನಷ್ಟೇ ಬಿಡಿ.

ಆಹಾರ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಹೊಸ ನೀರಿಗೆ ಆಂಟಿ-ಕ್ಲೋರಿನ್ ಮರೆಯಬೇಡಿ. ಬರೀ ಆರ್‌ಒ ನೀರು ತುಂಬಬೇಡಿ, ಅದರಲ್ಲಿ ಲವಣಾಂಶ ಇರುವುದಿಲ್ಲ. ಸಾಕಲಾಗದಿದ್ದರೆ ಮೀನನ್ನು ಅಂಗಡಿಗೋ ಪರಿಚಯದವರಿಗೋ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ. ಹಾಗೆ ಬಿಟ್ಟ ಸಕ್ಕರ್ ಮೀನು ನಮ್ಮ ಕೆರೆಗಳಲ್ಲಿ ಬೇರೂರಿ, ಸ್ಥಳೀಯ ಮೀನುಗಳಿಗೂ ಬಲೆ ಬೀಸುವವರ ಹೊಟ್ಟೆಪಾಡಿಗೂ ಕುತ್ತಾಗಿದೆ.