ಅತ್ತಿಮಬ್ಬೆಯ ಸಾವಿರ ಪ್ರತಿಗಳು

ಹೊಸ ಯಂತ್ರವು ಬಂದ ಮೇಲೆ ಸಮಾಜವು ಬದಲಾಗುತ್ತದೆಂಬುದು ರೂಢಿಯ ಮಾತು. ನಮ್ಮ ನೆರೆಯ ಲಕ್ಕುಂಡಿಯನ್ನು ಕಂಡವರು ಇದನ್ನು ಪೂರ್ತಿಯಾಗಿ ಒಪ್ಪಲಾರರು. ಅಲ್ಲಿ 1007ರಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದಳು.

ತಂತ್ರವು ಹಳೆಯದೇ. ಹದಮಾಡಿದ ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಅಕ್ಷರಗಳನ್ನು ಕೊರೆದು ಮಸಿ ತೀಡುವುದು. ಒಂದು ಪ್ರತಿಗೆ ಪಟ್ಟ ಶ್ರಮವು ಮುಂದಿನದಕ್ಕೆ ಒದಗದು. ಸಾವಿರಕ್ಕೆ ಸಾವಿರ ಸಲವೂ ಕೊರೆಯಲೇಬೇಕು! ಗರಿಯಾದರೋ ಗೆದ್ದಲಿಗೂ ತೇವಕ್ಕೂ ಸುಲಭದ ತುತ್ತು. ಅದೇ ಪೊನ್ನನ ಭುವನೈಕರಾಮಾಭ್ಯುದಯವು ಇಂದು ನಮಗೆ ದೊರೆಯದು. ಮರುಪ್ರತಿ ಮಾಡಿಸುವವರಿಲ್ಲದಿದ್ದರೆ ಗ್ರಂಥವು ಉಳಿಯದೆಂಬ ಈ ಅರಿವಿನಿಂದಲೇ ಜೈನರಲ್ಲಿ ಶಾಸ್ತ್ರದಾನಕ್ಕೆ ಅಷ್ಟು ಬೆಲೆ ಬಂದಿರಬೇಕು. ಗರಿಯ ದೌರ್ಬಲ್ಯವು ದಾನವನ್ನು ಬೆಳೆಸಿತು. ದಾನವು ಲೇಖನಿಗೆ ಅಚ್ಚುಕೂಟದ ಶಕ್ತಿಯನ್ನಿತ್ತಿತು.

ವಚನಗಳ ಓಲೆಕಟ್ಟುಗಳನ್ನು ಅರಸಿ ಊರೂರು ತಿರುಗಿದ ಫ.ಗು. ಹಳಕಟ್ಟಿಯವರ ಕಾಲಕ್ಕೆ ಮುದ್ರಣಯಂತ್ರವೇನೋ ನಾಡಿನಲ್ಲಿತ್ತು. ವಚನಗಳನ್ನು ಜನರಿಗೆ ಮುಟ್ಟಿಸಲು ಅದೊಂದೇ ಸಾಲಲಿಲ್ಲ. 1925ರಲ್ಲಿ ಅವರು ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ಮರುವರ್ಷ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮೊಳೆಗಳನ್ನು ಒಮ್ಮೆ ಜೋಡಿಸಿದರೆ ಪ್ರತಿಗಳೆಷ್ಟಾದರೂ ಹೊರಡುತ್ತವೆ. ಆದುದರಿಂದ ಒಂದೊಂದು ಪ್ರತಿಯ ವೆಚ್ಚವು ಸಾಮಾನ್ಯ ಓದುಗನ ಕೈಗೆ ಎಟಕುವಷ್ಟಕ್ಕೆ ಇಳಿಯಿತು. ಅಂದು ಒಬ್ಬಳ ಐಶ್ವರ್ಯವು ಹೊತ್ತ ಭಾರವನ್ನು ಈಗ ಹಲವು ಮನೆಗಳ ಚಂದಾಹಣವು ಹೊರಬೇಕಾಗಿತ್ತು. ಅದು ಸಾಲದೆ ಬಂದಾಗ ಹಳಕಟ್ಟಿಯವರು ತಮ್ಮ ಗಳಿಕೆಯನ್ನೇ ಸುರಿದರು.